ಕೆಂಪು ಶಾಯಿಯ ಸಾಲು

ಆ ಕ್ಲಿನಿಕ್ಕಿನಲ್ಲಿ ಕೆಂಪು ಶಾಯಿಗೆ ಎದುರು ಮಾತಿರಲಿಲ್ಲ. ರೋಗಿಗೆ ಯಾವ ಔಷಧ ಒಗ್ಗದೋ ಅದನ್ನು ಕಡತದ ಮೊದಲ ಪುಟದಲ್ಲಿ ಕೆಂಪಿನಲ್ಲಿ ಬರೆಯಬೇಕು. ಬರೆದದ್ದನ್ನು ಯಾರೂ ಮೀರಬಾರದು. ಅದು ಡಾಕ್ಟರು ಹಾಕಿದ ಕಟ್ಟಳೆ. ಹದಿನೆಂಟು ವರ್ಷಗಳಿಂದ ಅಲ್ಲಿ ನರ್ಸಾಗಿದ್ದವಳು ಅದನ್ನು ಒಮ್ಮೆಯೂ ಮುರಿದಿರಲಿಲ್ಲ.

ಇಂದು ಮುರಿಯದಿದ್ದರೆ, ಮಂಚದ ಮೇಲಿದ್ದ ಟೈಲರಮ್ಮ ಉಳಿಯುವುದು ಅನುಮಾನವಾಗಿತ್ತು.

ಹತ್ತು ನಿಮಿಷದ ಹಿಂದೆ ಎಲ್ಲವೂ ಸರಿಯಾಗಿಯೇ ಇತ್ತು. ಹೊಲಿಗೆ ಯಂತ್ರದ ಸೂಜಿ ಹೊಕ್ಕು ಟೈಲರಮ್ಮನ ತೋರುಬೆರಳು ಕೀವು ತುಂಬಿ ಬಾತಿತ್ತು. ಡಾಕ್ಟರು ಆ್ಯಂಟಿಬಯೋಟಿಕ್ ಬರೆದುಕೊಟ್ಟು, ಹಾಸಿಗೆಯಿಂದ ಏಳಲಾರದ ರೋಗಿಯೊಬ್ಬರನ್ನು ಅವರ ಮನೆಯಲ್ಲಿ ನೋಡಲು ಹೊರಟಿದ್ದರು. ನರ್ಸ್ ಚುಚ್ಚುಮದ್ದು ಕೊಟ್ಟಳು. ಜೊತೆಗೆ ಬಂದಿದ್ದ ನಾದಿನಿಯದು ಬಾಯಿ ಮುಚ್ಚಿ ಕೂರುವ ಸ್ವಭಾವವಲ್ಲ.

“ಊರಿಗೆಲ್ಲ ಬಟ್ಟೆ ಹೊಲಿದು ಸಾಕಾಯ್ತು ಅಂತ, ಈಗ ಬೆರಳಿಗೇ ಹೊಲಿಗೆ ಹಾಕ್ಕೊಂಡಿದ್ದಾರೆ ನಮ್ಮತ್ತಿಗೆ.”

“ನಿನ್ನ ಬಾಯಿಗೆ ಹಾಕ್ಬೇಕಾಗಿತ್ತು ಕಣೇ, ಕೈತಪ್ಪಿ ಇಲ್ಲಿಗೆ ಬಿತ್ತು,” ಎಂದು ಟೈಲರಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅಂಗೈ ಕೆರೆದುಕೊಂಡಳು. “ಸಿಸ್ಟರ್, ಯಾಕೋ ಮೈಯೆಲ್ಲ ತುರಿಕೆ…”

ಕತ್ತಿನ ಮೇಲೆ ದದ್ದುಗಳೆದ್ದವು. ತುಟಿ ಊದಿಕೊಂಡಿತು. ಉಸಿರಿನ ಹಿಂದೆ ಸಣ್ಣ ಸಿಳ್ಳೆಯೊಂದು ಸೇರಿಕೊಂಡಿತು. ನರ್ಸ್ ಅವಳನ್ನು ಮಲಗಿಸಿ, ಕಾಲಡಿಗೆ ದಿಂಬಿಟ್ಟು, ಮೂಗಿಗೆ ಆಮ್ಲಜನಕ ಹಚ್ಚಿ, ರಕ್ತದೊತ್ತಡ ನೋಡಿದಳು. ಮೇಲಿನ ಅಂಕಿ ಎಪ್ಪತ್ತಕ್ಕಿಳಿದಿತ್ತು. ಆಂಬುಲೆನ್ಸಿಗೆ ಫೋನು ಮಾಡಿ, ತುರ್ತು ಟ್ರೇಗೆ ಕೈಹಾಕಿದಳು. ಇಂಥ ಅಲರ್ಜಿಯಲ್ಲಿ ಜೀವ ಉಳಿಸುವ ಮದ್ದು ಅಡ್ರಿನಲಿನ್; ಡಾಕ್ಟರಿಗಾಗಿ ಕಾಯದೆ ಅದನ್ನು ಕೊಡಲು ಅವಳಿಗೆ ಲಿಖಿತ ಅನುಮತಿಯೇ ಇತ್ತು.

“ಏನದು ಸಿಸ್ಟರ್?”

“ಅಡ್ರಿನಲಿನ್.”

“ಅಯ್ಯೋ, ಬೇಡ! ಅದು ಅತ್ತಿಗೆಗೆ ಆಗಲ್ಲ. ನೀವೇ ಬರ್ದಿದೀರಲ್ಲ!” ನಾದಿನಿ ಕಡತವನ್ನು ಅವಳ ಮುಖಕ್ಕೆ ಹಿಡಿದಳು.

‘ಅಡ್ರಿನಲಿನ್ ಅಲರ್ಜಿ. ಕೊಡಕೂಡದು.’ ಕೆಂಪು ಶಾಯಿ. ಅಕ್ಷರ ನರ್ಸಿನದೇ. ಆ್ಯಂಟಿಬಯೋಟಿಕ್ ಕೊಡುವ ಮುನ್ನವೂ ಆ ಸಾಲು ಕಣ್ಣಿಗೆ ಬಿದ್ದಿತ್ತು. ಇದಕ್ಕೆ ಸಂಬಂಧವಿಲ್ಲವೆಂದು ಮುಂದೆ ಹೋಗಿದ್ದಳು, ಈಗಿನ ಅವಸರದಲ್ಲಿ ಅದು ಮರೆತೂ ಹೋಗಿತ್ತು.

ಎರಡು ವರ್ಷದ ಹಿಂದೆ, ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಟೈಲರಮ್ಮನ ವಸಡಿಗೆ ಮರಗಟ್ಟಿಸುವ ಮದ್ದು ಚುಚ್ಚಿದ್ದರು. ಅದರಲ್ಲಿ ಚೂರು ಅಡ್ರಿನಲಿನ್ ಬೆರೆತಿತ್ತು. “ಎದೆ ಒಡೆದುಹೋಗ್ತಿದೆ, ನಾನು ಉಳಿಯಲ್ಲ” ಎಂದು ಅವಳು ಕೂಗಿದಾಗ ಓಡಿಹೋದವಳು ಈ ನರ್ಸೇ. ಬಂದು ಕೆಂಪಿನಲ್ಲಿ ಬರೆದವಳೂ ಇವಳೇ. ಇವಳ ಮೇಲಿನ ನಂಬಿಕೆಯಿಂದ ಡಾಕ್ಟರು ಸಹಿ ಹಾಕಿದ್ದರು.

ನಾದಿನಿ ಡಾಕ್ಟರಿಗೆ ಫೋನು ಹಚ್ಚಿದಳು. ಅದು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ನರ್ಸ್ ನೆನಪು ಕೆದಕಿದಳು: ಅಂದು ದದ್ದು ಎದ್ದಿತ್ತೇ? ಇಲ್ಲ. ತುಟಿ ಊದಿತ್ತೇ? ಇಲ್ಲ. ಸಿಳ್ಳೆ? ಅದೂ ಇಲ್ಲ. ಎದೆ ಹೊಡೆದುಕೊಂಡಿತ್ತು, ಕೈ ನಡುಗಿತ್ತು, ಅಷ್ಟೆ. ಅದು ಆ ಮದ್ದಿನ ಗುಣವೇ ಹೊರತು ಅಲರ್ಜಿಯಲ್ಲ. ಹೆದರಿದಾಗ ದೇಹವೇ ಸುರಿಸುವ ರಸ ಅದು.

“ಆವತ್ತು ನಾನು ತಪ್ಪು ಬರ್ದಿದ್ದೆ.”

“ಈಗ ಮಾಡ್ತಿರೋದು ತಪ್ಪಾದ್ರೆ?” ನಾದಿನಿ ಅವಳ ಮುಂಗೈ ಹಿಡಿದಳು. “ಇದ್ದೊಬ್ಬ ಅತ್ತಿಗೆ ಸಿಸ್ಟರ್, ನಮ್ಮಮ್ಮ ಹೋದ್ಮೇಲೆ ನನ್ನನ್ನ ಸಾಕಿದೋರು.”

ಟೈಲರಮ್ಮನ ಕಣ್ಣು ಮೇಲಕ್ಕೆ ತೇಲತೊಡಗಿತು.

“ಕೈ ಬಿಡಿ,” ಎಂದಳು ನರ್ಸ್.

ನಾದಿನಿ ಕೈ ಬಿಟ್ಟಳು. ನರ್ಸ್ ಆಂಪೂಲಿನ ಪುಟ್ಟ ಗಾಜಿನ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿಕೊಂಡಳು: ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ. ಬೇಕಾದದ್ದು ಅರ್ಧ. ಹೋಗಬೇಕಾದದ್ದು ಸ್ನಾಯುವಿಗೆ, ಇದೇ ಮದ್ದನ್ನು ಹೀಗೆಯೇ ರಕ್ತನಾಳಕ್ಕೆ ಬಿಟ್ಟರೆ ಹೃದಯವೇ ತಾಳ ತಪ್ಪೀತು. ತೊಡೆಯ ಹೊರಮಗ್ಗುಲಿಗೆ, ಬಟ್ಟೆಯ ಮೇಲಿನಿಂದಲೇ ಸೂಜಿ ಇಳಿಸಿದಳು.

ನಿಮಿಷವಾಯಿತು. ಟೈಲರಮ್ಮನ ಬೆರಳುಗಳು ಗಡಗಡ ನಡುಗಿದವು.

“ನೋಡಿ, ನೋಡಿ! ನಾನು ಬಡ್ಕೊಂಡೆ!”

“ನಡುಗಲಿ. ನೀವು ಗಡಿಯಾರ ನೋಡಿ, ಐದು ನಿಮಿಷ ಆದ ತಕ್ಷಣ ಹೇಳಿ.” ನರ್ಸ್ ಮತ್ತೆ ಒತ್ತಡ ಅಳೆಯತೊಡಗಿದಳು.

ಐದು ನಿಮಿಷ ತುಂಬಿತು. ಒತ್ತಡ ಎಪ್ಪತ್ತಾರು. ಸಿಳ್ಳೆ ಹಾಗೇ ಇತ್ತು. ಅಷ್ಟರಲ್ಲಿ ಡಾಕ್ಟರ ಫೋನು ಬಂತು.

“ಸಾರ್, ಟೈಲರಮ್ಮಂಗೆ ಇಂಜೆಕ್ಷನ್ ರಿಯಾಕ್ಷನ್. ಅಡ್ರಿನಲಿನ್ ಕೊಟ್ಟಿದೀನಿ. ಫೈಲಲ್ಲಿ ಕೊಡಬಾರದು ಅಂತ ಕೆಂಪಲ್ಲಿದೆ. ಮೀರಿದೀನಿ.”

“ಎಷ್ಟು?” ಎಂದರು ಡಾಕ್ಟರು.

“ಅರ್ಧ ಎಂ.ಎಲ್., ತೊಡೆಗೆ. ಸಾಲ್ತಿಲ್ಲ.”

“ಇನ್ನೊಂದರ್ಧ ಕೊಡಿ. ಬಂದೆ.”

ಹೊಸ ಆಂಪೂಲ್ ಒಡೆದು ಮತ್ತೊಮ್ಮೆ ಚುಚ್ಚಿದಳು. ನಾದಿನಿ ಈ ಸಲ ತಾನಾಗಿಯೇ ಗಡಿಯಾರದತ್ತ ತಿರುಗಿದಳು. ಸಿಳ್ಳೆ ತೆಳುವಾಯಿತು, ಎಳೆ ಎಳೆಯಾಗಿ ಬಿಟ್ಟುಹೋಯಿತು. ಒತ್ತಡ ತೊಂಬತ್ತೆಂಟಕ್ಕೇರಿತು.

“ಕೈ ಹೀಗೆ ನಡುಗಿದ್ರೆ ದಾರ ಪೋಣಿಸೋದು ಹೇಗೆ?” ಟೈಲರಮ್ಮನ ದನಿ ಒಡಕಾಗಿತ್ತು.

“ನಾನು ಪೋಣಿಸಿ ಕೊಡ್ತೀನಿ ಅತ್ತಿಗೆ,” ನಾದಿನಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ನೀವು ಸುಮ್ನೆ ಉಸಿರಾಡಿ.”

ಟೈಲರಮ್ಮ ಏಳಲು ಹೋದಳು. ನರ್ಸ್ ಭುಜ ಒತ್ತಿ ಮಲಗಿಸಿದಳು. “ಏಳೋ ಹಾಗಿಲ್ಲ. ಇದು ಮತ್ತೆ ತಿರುಗಿ ಬರಬಹುದು. ಆಸ್ಪತ್ರೆಯಲ್ಲಿ ಇವತ್ತೆಲ್ಲ ಕಾಯಬೇಕು.”

ಆಂಬುಲೆನ್ಸ್ ಬಂತು. ಬೆನ್ನಿಗೇ ಬಂದ ಡಾಕ್ಟರು ರೋಗಿಯ ಜೊತೆಗೇ ಹತ್ತಿದರು. ಹತ್ತುವ ಮುನ್ನ ಆ ಸಾಲನ್ನು ಓದಿ, ಕೆಳಗಿನ ತಮ್ಮ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು.

ನರ್ಸ್ ಹಳೆಯ ಸಾಲನ್ನು ಹೊಡೆದುಹಾಕಿ, ಕೆಳಗೆ ಇಂದಿನ ಆ್ಯಂಟಿಬಯೋಟಿಕ್ಕಿನ ಹೆಸರನ್ನು ಕೆಂಪಿನಲ್ಲಿ ಬರೆದಳು. ನಂತರ ಬೀರುವಿನ ಬಾಗಿಲು ತೆರೆದಳು. ಹದಿನೆಂಟು ವರ್ಷಗಳ ಕಡತಗಳು ನೆಲದಿಂದ ನೆತ್ತಿಯವರೆಗೆ ತುಂಬಿದ್ದವು. ಅವುಗಳೊಳಗಿನ ಕೆಂಪು ಸಾಲುಗಳಲ್ಲಿ ಮುಕ್ಕಾಲು ಪಾಲು ಅವಳ ಅಕ್ಷರ.

ಸ್ಟೂಲು ಎಳೆದುಕೊಂಡು ಕೂತು, ಕೆಳಗಿನ ಸಾಲಿನ ಮೊದಲ ಕಡತವನ್ನು ಹೊರಗೆ ತೆಗೆದು, ಅದರ ಕೆಂಪು ಸಾಲನ್ನು ಹೊಸದಾಗಿ ಓದತೊಡಗಿದಳು.