ಭಾವುಸಾಹೇಬರ ಜೀಪಿನ ಖಣಖಣ

ಕೊಲ್ಲಾಪುರದ ಸ್ಟ್ಯಾಂಡಿನಲ್ಲಿ ಬಸ್ಸೊಂದು ಕೆಮ್ಮಿದರೆ ಸಾಕು, ದಾನೋಳಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಭಾವುಸಾಹೇಬ ಪಾಟೀಲರು ಅದರ ಯಾವ ನಟ್ಟು ಸಡಿಲಾಗಿದೆ, ಆ ನಟ್ಟನ್ನು ಯಾರು ಬಿಗಿದಿದ್ದರು, ಬಿಗಿಯುವಾಗ ಅವನ ಇನ್ನೊಂದು ಕೈಯಲ್ಲಿ ಚಹಾ ಇತ್ತೋ ಬೀಡಿ ಇತ್ತೋ ಎಂಬುದನ್ನೆಲ್ಲ ಹೇಳಬಲ್ಲವರಾಗಿದ್ದರು. ಒಮ್ಮೆ ಮುಗಿಲಲ್ಲಿ ಹೋಗುತ್ತಿದ್ದ ವಿಮಾನದ ಸದ್ದು ಕೇಳಿ, "ಬಲಗಡೆ ಬೇರಿಂಗ್ ಹೋಗೇತಿ, ಗೋವಾದಾಗ ಇಳಸ್ತಾರ ನೋಡ್ರಿ" ಅಂದರು. ವಿಮಾನ ಗೋವಾದಲ್ಲೇ ಇಳಿಯಿತು. ಅದು ಗೋವಾಕ್ಕೇ ಹೊರಟ ವಿಮಾನವಾಗಿತ್ತು ಎಂದು ಅವರ ಹೆಂಡತಿ ರತ್ನಮಾಲಾ ಹೇಳುವುದುಂಟು. ಹೆಂಡತಿಯರ ಮಾತು ಬಿಡಿ.

ಇಂಥ ಕಿವಿಯ ಮನುಷ್ಯನ ಸ್ವಂತ ಜೀಪೇ ಖಣಖಣ ಎನ್ನತೊಡಗಿತು.

ಜೀಪೆಂದರೆ ಅಂತಿಂಥ ಜೀಪಲ್ಲ. ಮದುವೆಯಾದ ಮರುವರ್ಷ ಕೊಂಡದ್ದು, ನಾಲ್ಕೂ ಗಾಲಿ ಎಳೆಯುವಂಥದ್ದು. ಮಹಾಪೂರದ ವರ್ಷ ಕೆಸರಲ್ಲಿ ಹೂತ ಕಬ್ಬಿನ ಟ್ರಕ್ಕನ್ನು, ಆ ಟ್ರಕ್ಕನ್ನು ಎಳೆಯಲು ಬಂದು ಹೂತ ಟ್ರ್ಯಾಕ್ಟರನ್ನು, ಟ್ರ್ಯಾಕ್ಟರನ್ನು ಎಳೆಯಲು ಬಂದು ಹೂತ ಎತ್ತುಗಳನ್ನು ಒಂದೇ ಹಗ್ಗದಲ್ಲಿ ಎಳೆದು ಹಾಕಿದ ಗಾಡಿ ಅದು. ಹಾಗೆಂದು ಭಾವುಸಾಹೇಬರು ಹೇಳುತ್ತಾರೆ. ಎತ್ತುಗಳು ಇದುವರೆಗೆ ಅಲ್ಲಗಳೆದಿಲ್ಲ. ಅಂಥ ಗಾಡಿ ಈಗ ಎಡಕ್ಕೆ ತಿರುಗಿಸಿದರೆ ಖಣ್ ಎನ್ನುತ್ತಿತ್ತು. ಬ್ರೇಕ್ ಒತ್ತಿದರೆ ಖಡಲ್. ತಗ್ಗಿಗೆ ಬಿದ್ದರಂತೂ ಊರಿನ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು.

"ಇದರಾಗ ಕುಂತ್ರ ಸ್ಟೀಲಿನ ಭಾಂಡೆ ಅಂಗಡಿ ಮೈಮ್ಯಾಲ ಬಿದ್ದಂಗ ಆಗ್ತೈತಿ," ಎಂದರು ರತ್ನಮಾಲಾ. "ಐತವಾರ ನೂಲಕ್ಕ ಅವ್ವನ ಕಡೆ ಹೊಂಟೇವಲ್ರಿ, ಗಡಹಿಂಗ್ಲಜದ ಕೇದಾರಿಗೆ ಅಲ್ಲೇ ಬಾ ಅಂದೇನಿ. ಅಲ್ಲಿತನಾ ಸದ್ದು ನಿಂತ್ರ ಗಾಡಿ ನಿಮ್ಮದು. ನಿಲ್ಲಲಿಲ್ಲಂದ್ರ ಚಾವಿ ಅವನ ಕೈಯಾಗ."

ಕೇದಾರಿ ಹಳೆಯ ಗಾಡಿಗಳನ್ನು ಕೊಂಡು, ಗ್ಯಾಸಿನ ಬೆಂಕಿಯಲ್ಲಿ ಕೊಯ್ದು, ತುಂಡು ತುಂಡಾಗಿ ಮಾರುವವನು. ಅವನ ಹೆಸರು ಕೇಳಿದ ರಾತ್ರಿ ಭಾವುಸಾಹೇಬರು ಊಟ ಬಿಟ್ಟರು. ಬರೀ ಆರು ಚಪಾತಿ ತಿಂದರು.

ಮರುದಿನವೇ ಜೀಪು ಕೊಲ್ಲಾಪುರದ ಮಲ್ಲಾರಿ ಮಿಸ್ತ್ರಿಯ ಗ್ಯಾರೇಜಿಗೆ ಹೋಯಿತು. ಮಲ್ಲಾರಿ ಕೈ ಒರೆಸಿಕೊಂಡು ಎದ್ದ. "ಜರಾ ಥಾಂಬಾ ಅಣ್ಣಾ, ಸ್ವಲ್ಪ ನಿಲ್ರಿ, ಒಂದ್ ಚಕ್ಕರ್ ಹೊಡದ ಬರ್ತೇನ್ರಿ."

"ನೀ ಯಾಕ ಹೊಡೀತಿ? ನನ್ನ ಕಿವಿ ಹೊಡದ ಬಂದೇತಿ. ಫೋರ್-ವ್ಹೀಲಿನ ಗೇರಬಾಕ್ಸ್ ಅದು. ಒಳಗ ಒಂದ್ ಹಲ್ಲ ಮುರದೇತಿ. ಎಡಕಿನ ಹಲ್ಲ."

ಮಲ್ಲಾರಿ ಗೇರಬಾಕ್ಸನ್ನು ಇಳಿಸಿ ಬಿಚ್ಚಿದ. ಒಂದು ಹಲ್ಲೂ ಅಲುಗಾಡಿರಲಿಲ್ಲ. ತೊಳೆದು, ಎಣ್ಣೆ ಹಾಕಿ, ಮತ್ತೆ ಏರಿಸಿದ. ಗ್ಯಾರೇಜಿನ ಗೇಟಿನಲ್ಲಿ ಎಡಕ್ಕೆ ತಿರುಗುತ್ತಲೇ ಜೀಪು ಖಣ್ ಎಂದಿತು.

"ಗೇರಬಾಕ್ಸ್ ಛಲೋ ಐತ್ರಿ ಅಣ್ಣಾ."

"ಛಲೋ ಇದ್ದಂಗ ತೋರಸ್ತೈತಿ. ಭಾಳ ಹುಷಾರ್ ಗೇರಬಾಕ್ಸ್ ಅದು," ಎಂದು ಭಾವುಸಾಹೇಬರು ಗಾಡಿ ಹೊಡೆದುಕೊಂಡು ಬಂದರು.

ಭಾನುವಾರ ಬಂತು. ನೂಲಕ್ಕೆ ಹೋಗುವ ದಾರಿಯಲ್ಲಿ ಇಚಲಕರಂಜಿಯಲ್ಲಿ ಅಣ್ಣನ ಮಗ ಹರ್ಷದನ ಪವರ್‌ಲೂಮ್ ಶೆಡ್ಡಿತ್ತು. ಅಲ್ಲಿ ಮಗ್ಗ ರಿಪೇರಿ ಮಾಡುವ ಅಪ್ಪಣ್ಣನಿಗೆ ಕೊನೆಯದಾಗಿ ಒಮ್ಮೆ ತೋರಿಸೋಣವೆಂದು ಭಾವುಸಾಹೇಬರು ಓಣಿಗೆ ಗಾಡಿ ನುಗ್ಗಿಸಿದರು. ನುಗ್ಗಿಸುತ್ತಲೇ ಅವರ ಮುಖ ಅರಳಿತು. ಎಡಕ್ಕೆ ತಿರುಗಿಸಿದರು, ಬ್ರೇಕ್ ಒತ್ತಿದರು, ತಗ್ಗು ಹುಡುಕಿ ಹುಡುಕಿ ಬೀಳಿಸಿದರು. ಖಣ್ ಇಲ್ಲ, ಖಡಲ್ ಇಲ್ಲ.

"ನಿಂತ ಬಿಟ್ಟೈತಿ," ಎಂದು ಅವರು ಒದರಿದರು.

ರತ್ನಮಾಲಾ ಅವರ ಕಿವಿಯ ಹತ್ತಿರ ಬಾಯಿ ತಂದು ಒದರಿದರು. "ಎರಡೂ ಕಡೆ ಮಗ್ಗ ನಡದಾವ. ಇಲ್ಲಿ ಸಿಡ್ಲು ಬಡದ್ರೂ ಕೇಳಸಂಗಿಲ್ಲ."

ಅಪ್ಪಣ್ಣ ಮಗ್ಗದಡಿ ಮಲಗಿ ಏನನ್ನೋ ಬಿಗಿಯುತ್ತಿದ್ದ. ಅವನ ಹೆಂಡತಿ ಜನಾಬಾಯಿ ಶೆಡ್ಡಿನ ಬಾಗಿಲಿಗೆ ಬಂದು ನಕ್ಕಳು. ಆ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲವೆಂದು ಮಗ್ಗದವರು ಕೈಯಲ್ಲೇ ಮಾತಾಡುತ್ತಾರೆ. ಮದುವೆಯ ಮಾತುಕತೆ, ಜಗಳ, ಗುಟ್ಟು ಎಲ್ಲ ಕೈಯಲ್ಲೇ. ಜನಾಬಾಯಿ ಎರಡೂ ಅಂಗೈ ಕೂಡಿಸಿ ಗುಂಡಗೆ ಮಾಡಿದಳು. ಅದರ ಮೇಲೆ ಏನನ್ನೋ ತಿರುವಿ ತೆಗೆದಳು. ಬೆರಳು ಅದ್ದಿ ನೆಕ್ಕಿ, ನಾಲಿಗೆ ಚಪ್ಪರಿಸಿ, ಹುಬ್ಬು ಹಾರಿಸಿದಳು.

"ಏನಂತಾಳ್ರಿ ಅಕಿ?"

"ಬೇರಿಂಗ್ ಅಂತಾಳ. ಗ್ರೀಸ್ ಹಚ್ರಿ ಅಂತಾಳ."

"ಗ್ರೀಸ್ ನೆಕ್ಕತಾರೇನು?"

"ಇಚಲಕರಂಜ್ಯಾಗ ನೆಕ್ಕೇ ನೋಡ್ತಾರ," ಎಂದರು ಭಾವುಸಾಹೇಬರು. ಆದರೆ ಜನಾಬಾಯಿ ಕೇಳಿದ್ದು ಅವರಿಗೆ ಸ್ಪಷ್ಟವಾಗಿಯೇ ಇತ್ತು: ಚಟ್ನಿ ಡಬ್ಬಿ ಖಾಲಿಯಾಯಿತೇ, ಮತ್ತೆ ತುಂಬಿ ಕೊಡಲೇ?

ಪಾಟೀಲರದು ಕಟ್ಟಾ ಜೈನರ ಮನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಭಾವುಸಾಹೇಬರೋ, ಎರಡನ್ನೂ ಕೆಂಪು ಖಾರದೊಂದಿಗೆ ಹುರಿದು ಕುಟ್ಟಿದ ಜನಾಬಾಯಿಯ ಚಟ್ನಿಗೆ ಹೊಸ್ತಿಲ ಹೊರಗೆ ಸೋತವರು. ಹಿಂದಿನ ತಿಂಗಳು ಸ್ಟೀಲಿನ ಡಬ್ಬಿಯಲ್ಲಿ ಅದನ್ನು ತರುತ್ತಿದ್ದಾಗ, ಬಸದಿಯಿಂದ ಬರುತ್ತಿದ್ದ ರತ್ನಮಾಲಾ ರಸ್ತೆಯಲ್ಲೇ ಕೈ ಮಾಡಿ ಗಾಡಿ ನಿಲ್ಲಿಸಿದ್ದರು. ಗಾಬರಿಯಲ್ಲಿ ಅವರು ಡಬ್ಬಿಯನ್ನು ತಮ್ಮ ಬದಿಯ ಬಾಗಿಲಿನ ತೂತಿಗೆ, ಮೊದಲು ಸ್ಪೀಕರಿದ್ದ ಜಾಗಕ್ಕೆ, ತುರುಕಿದ್ದರು. ಆಮೇಲೆ ತಂತಿ ಹಾಕಿ ಎಷ್ಟು ಕೆದಕಿದರೂ ಸಿಗಲಿಲ್ಲ. ಬಾಗಿಲಿನ ತಳ ತುಕ್ಕು ಹಿಡಿದು ಹರಿದಿತ್ತು, ಅಲ್ಲಿಂದ ರಸ್ತೆಗೆ ಬಿದ್ದುಹೋಗಿರಬೇಕೆಂದು ದುಃಖಪಟ್ಟು ಸುಮ್ಮನಾಗಿದ್ದರು.

ಅಪ್ಪಣ್ಣ ಏಳುವುದನ್ನೂ ಕಾಯದೆ ಗಾಡಿ ತಿರುಗಿಸಿ, ಊರು ದಾಟಿದ ಮೇಲೆ ಅವರು ಯಾರಿಗೂ ಕಾಣದಂತೆ ಮೊಣಕಾಲಿನಿಂದ ಬಾಗಿಲಿಗೆ ಮೆಲ್ಲಗೆ ಗುದ್ದಿದರು. ಬಾಗಿಲು ಖಣ್ ಎಂದಿತು.

ಆಮೇಲಿನ ದಾರಿಯುದ್ದಕ್ಕೂ ಅವರು ಎಡಕ್ಕೆ ತಿರುಗುವಾಗೆಲ್ಲ ಕೆಮ್ಮಿದರು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಜೀಪು ಹೋಗುತ್ತದೆ. ಗಡಹಿಂಗ್ಲಜ ಬಂದಾಗ ಒಂದು ಉಪಾಯ ಹೊಳೆದು, ಅತ್ತೆಗೆ ಹಣ್ಣು ತರಲೆಂದು ರತ್ನಮಾಲಾರನ್ನು ಮಾರುಕಟ್ಟೆಗೆ ಕಳಿಸಿ, ತೂತಿನೊಳಗೆ ಮೊಣಕೈತನಕ ಕೈ ಇಳಿಸಿದರು. ಬೆರಳ ತುದಿಗೆ ಡಬ್ಬಿ ತಾಗಿತು. ಹಿಡಿತಕ್ಕೆ ಬರಲಿಲ್ಲ. ಕೈಯೂ ಹೊರಗೆ ಬರಲಿಲ್ಲ.

ರತ್ನಮಾಲಾ ಚಿಕ್ಕೂ ಚೀಲ ಹಿಡಿದು ಬಂದು ನೋಡಿದರು. "ಏನ ಮಾಡಾಕತ್ತೀರಿ?"

"ನಾಡಿ ನೋಡಾಕತ್ತೇನಿ."

"ಬಾಗಲದ್ದು?"

"ಹಳೆ ಗಾಡಿಗೆ ನಾಡಿ ಇಲ್ಲೇ ಇರತೈತಿ."

ರತ್ನಮಾಲಾ ತಮ್ಮ ಕೈಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಅವರ ತೋಳಿಗೆ ಸುರಿದರು. ಕೈ ಬಂತು, ಒಂದಿಷ್ಟು ಚರ್ಮ ಬಿಟ್ಟು.

ನೂಲದಲ್ಲಿ ಅತ್ತೆ ಮಾಣಿಕಬಾಯಿ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಸಂತೆಯಲ್ಲಿ ಉಳ್ಳಾಗಡ್ಡಿಯ ರಾಶಿ ಕಂಡರೆ ಸೆರಗು ಮೂಗಿಗೆ ಹಿಡಿದು ರಸ್ತೆಯ ಆ ಬದಿಗೆ ಹೋಗುವಾಕೆ. ಪಕ್ಕದಲ್ಲಿ ಕೇದಾರಿ ನಿಂತಿದ್ದ. ಅವನು ಚಾವಿ ಇಸಿದುಕೊಂಡು ಊರ ಸುತ್ತ ಒಂದು ಸುತ್ತು ಹಾಕಿ ಬಂದ. ಅವನು ಬರುವುದು ಕಾಣುವುದಕ್ಕಿಂತ ಮೊದಲೇ ಕೇಳಿಸಿತು.

"ಅಣ್ಣಾ, ನೀವ ಎಲ್ಲಾರ ಮುಂದ ಹೇಳಾಕತ್ತೀರಲ್ರಿ, ಫೋರ್-ವ್ಹೀಲಿನ ಗೇರಬಾಕ್ಸ್ ಹೋಗೇತಿ ಅಂತ. ನಿಮ್ಮಂಥಾ ಕಿವಿಯವರು ಹೇಳಿದ ಮ್ಯಾಲ ನಾ ಏನ ನೋಡ್ಲಿ. ನಾಳೆ ಕೊಯ್ಯಾಕ ಹಚ್ಚತೇನ್ರಿ," ಎಂದು ಕೇದಾರಿ ಚಾವಿಯನ್ನು ಕಿಸೆಗೆ ಇಳಿಸತೊಡಗಿದ.

ಭಾವುಸಾಹೇಬರು ಜೀಪನ್ನು ನೋಡಿದರು. ಜೀಪು ಅವರನ್ನು ನೋಡಿತು.

"ಕೇದಾರಿ, ಒಂದ ಮಿನಿಟ," ಎಂದರು. "ಆ ಬಾಗಲ ಬಿಚ್ಚು."

ಕೇದಾರಿ ಸ್ಕ್ರೂ ತೆಗೆದು ಬಾಗಿಲಿನ ಒಳಗಿನ ತಗಡು ಕಳಚಿದ. ಡಬ್ಬಿ ಉರುಳಿ ಅಂಗಳಕ್ಕೆ ಬಿತ್ತು. ಮುಚ್ಚಳ ತೆರೆಯಿತು. ಎಣ್ಣೆಯಲ್ಲಿ ಮುಳುಗಿದ ಕೆಂಪು ಪದಾರ್ಥ ಬಿಸಿಲಿಗೆ ಮಿಂಚಿತು.

"ಗ್ರೀಸ್," ಎಂದರು ಭಾವುಸಾಹೇಬರು. "ಹಳೆ ಮಿಲಿಟರಿ ಗ್ರೀಸ್. ಈಗ ಸಿಗಂಗಿಲ್ಲ."

ಕೇದಾರಿ ಬೆರಳು ಅದ್ದಿ ನೆಕ್ಕಿದ. ಇನ್ನೊಮ್ಮೆ ಅದ್ದಿದ.

"ಗ್ರೀಸ್ ತಿಂತೀ ಏನೋ?" ಎಂದರು ಮಾಣಿಕಬಾಯಿ.

"ಗ್ರೀಸ್ ಅಲ್ರಿ ಅವ್ವಾರ, ಉಳ್ಳಾಗಡ್ಡಿ ಬಳ್ಳೊಳ್ಳಿ ಚಟ್ನಿ. ಭಾಳ ಛಲೋ ಆಗೇತಿ. ಒಂದ ಜೋಳದ ಭಾಕರಿ ಸಿಗತೈತೇನ್ರಿ?"

ಮಾಣಿಕಬಾಯಿಯ ಸೆರಗು ಮೂಗಿಗೆ ಹೋಯಿತು. ರತ್ನಮಾಲಾ ಗಂಡನ ಕಡೆ ತಿರುಗಿದರು. "ಯಾರದಿದು?"

"ಮಲ್ಲಾರಿದು," ಎಂದರು ಭಾವುಸಾಹೇಬರು, ಎಳ್ಳಷ್ಟೂ ತಡವರಿಸದೆ. "ಊಟದ ಡಬ್ಬಿ ಮರತ ಬಿಟ್ಟಾನ. ನೋಡ್ರಿ ಎಂಥಾ ಮಿಸ್ತ್ರಿ. ಡಬ್ಬಿ ತಾನ ಇಟ್ಟು, ಗೇರಬಾಕ್ಸ್ ಬಿಚ್ಚಸ್ತಾನ."

ರತ್ನಮಾಲಾ ಎರಡು ಬೆರಳಲ್ಲಿ ಮುಚ್ಚಳ ಎತ್ತಿ, ಬಿಸಿಲಿಗೆ ಹಿಡಿದು, ಅದರ ಮೇಲೆ ಕೊರೆದಿದ್ದ ಅಕ್ಷರಗಳನ್ನು ನಿಧಾನವಾಗಿ ಓದಿದರು. "ಚಿರಂಜೀವಿ ಸೌಭಾಗ್ಯವತಿ ರತ್ನಮಾಲಾ ಇವಳಿಗೆ, ತಾಯಿ ಮಾಣಿಕಬಾಯಿ ಇವರಿಂದ."

ಕೇದಾರಿ ನೆಕ್ಕುವುದನ್ನು ನಿಲ್ಲಿಸಿದ.

"ಮದುವ್ಯಾಗ ನಾ ಕೊಟ್ಟ ಡಬ್ಬಿ ಇದು, ಜಾವಯಬಾಪು," ಎಂದು ಮಾಣಿಕಬಾಯಿ ಸೆರಗಿನ ಹಿಂದಿನಿಂದ ಅಳಿಯನಿಗೆ ಹೇಳಿದರು. "ಮಲ್ಲಾರಿಗೆ ನಾ ಮಗಳನ್ನ ಕೊಟ್ಟಿಲ್ಲ."

"ಖರೇ ಹೇಳ್ರಿ," ಎಂದರು ರತ್ನಮಾಲಾ. "ಚಾವಿ ಇನ್ನೂ ಅವನ ಕೈಯಾಗ ಐತಿ."

ಭಾವುಸಾಹೇಬರು ಕೇದಾರಿಯ ಕೈ ನೋಡಿದರು. ಚಾವಿಗೆ ಎಣ್ಣೆ ಹತ್ತಿತ್ತು.

"ನಂದ," ಎಂದರು. "ಜನಾಬಾಯಿ ಮಾಡಿ ಕೊಡತಾಳ. ಎಲ್ಲ್ಯರ ಅಮಾವಾಸ್ಯಿಗೊಮ್ಮೆ, ಹೊಲದಾಗ..."

ರತ್ನಮಾಲಾ ಮುಚ್ಚಳವನ್ನು ಅವರ ಮುಖದೆದುರು ಹಿಡಿದರು.

"ವಾರಕ್ಕೊಮ್ಮೆ."

ಕೇದಾರಿ ಚಾವಿಯನ್ನು ಬೆರಳಲ್ಲಿ ತಿರುಗಿಸಿದ.

"ದಿನಾ ತಿಂತೇನಿ, ರತ್ನಾ," ಎಂದರು ಭಾವುಸಾಹೇಬರು, ಹಣೆ ಒರೆಸಿಕೊಳ್ಳುತ್ತ. "ಗೇರಬಾಕ್ಸಿಗೆ ಏನೂ ಆಗಿಲ್ಲ. ನನಗ ಇಚಲಕರಂಜ್ಯಾಗ ಗೊತ್ತಾತು, ಅಲ್ಲಿತನಾ ನಾನೂ ಸುಮ್ಮ ಅಂದಾಜಿನ ಮ್ಯಾಲ ಹೇಳಾಕತ್ತಿದ್ದೆ. ಮತ್ತ ನೀ ಹೊಲಕ್ಕ ಕಳಸೋ ಬದನಿಕಾಯಿ ಪಲ್ಯಾ, ಊರಾಗ ಇಂಥಾ ಪಲ್ಯಾ ಯಾರೂ ಮಾಡಂಗಿಲ್ಲ ಅಂತೇನಲ್ಲಾ, ಅದರ ಮ್ಯಾಲೂ ಇದನ್ನ ಹಾಕ್ಕೊಂಡ ತಿಂತೇನಿ."