ನಾಲಿಗೆ ಸಾಹೇಬರು

“ಉಪ್ಪು ಸರಿಯಾಗಿದೆಯೇನ್ರೀ?”

ಉತ್ತರ ಹೇಳುವ ಮೊದಲು ಅವನು ಅತ್ತೆಯ ಮುಖ ನೋಡಿದ. ಅತ್ತೆ ಹುರಿದ ಮೀನಿನ ಮುಳ್ಳು ಬಿಡಿಸುತ್ತ, ಕಣ್ಣು ಅರೆಮುಚ್ಚಿ ಅಗಿಯುತ್ತಿದ್ದರು. ಹುಬ್ಬು ಗಂಟಿಕ್ಕಿರಲಿಲ್ಲ. ನೀರಿನ ಲೋಟಕ್ಕೆ ಕೈ ಹೋಗಿರಲಿಲ್ಲ.

“ಸರಿಯಾಗಿದೆ,” ಎಂದ.

ಹೆಂಡತಿ ನಿಶ್ಚಿಂತೆಯಿಂದ ತಿನ್ನತೊಡಗಿದಳು. ಮೂರು ತಿಂಗಳಿಂದ ಅವನ ಬಾಳು ನಡೆಯುತ್ತಿದ್ದುದೇ ಹೀಗೆ, ಬೇರೆಯವರ ಹುಬ್ಬು ನೋಡಿಕೊಂಡು.

ಚಹಾ ಕಂಪನಿಯಲ್ಲಿ ರುಚಿ ನೋಡುವುದು ಅವನ ಕೆಲಸ. ಬೆಳಿಗ್ಗೆ ಉದ್ದನೆಯ ಮೇಜಿನ ಮೇಲೆ ನಲವತ್ತು ಬಟ್ಟಲು. ಚಮಚದಿಂದ ಸೊರ್ ಎಂದು ಎಳೆದು, ಬಾಯಿತುಂಬ ಆಡಿಸಿ, ತಗಡಿನ ಡಬ್ಬಕ್ಕೆ ಉಗುಳಿ, ಹತ್ತಕ್ಕೆ ಎಷ್ಟು ಎಂದು ಹೇಳಬೇಕು. ಹದಿನಾರು ವರ್ಷ ಹೇಳಿದ್ದ. ಬೆನ್ನ ಹಿಂದೆ ಅವನಿಗೆ ‘ನಾಲಿಗೆ ಸಾಹೇಬರು’ ಎಂದೇ ಹೆಸರು.

ಚಳಿಗಾಲದಲ್ಲಿ ಒಂದು ಜ್ವರ ಬಂತು. ನಾಲ್ಕು ದಿನ ಇದ್ದು ಹೊರಟಿತು. ಹೊರಡುವಾಗ ರುಚಿ, ವಾಸನೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಅನ್ನ ಕೊಡುವ ನಾಲಿಗೆಯೇ ಸತ್ತಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಹೆಂಡತಿಗೂ ಹೇಳಲಿಲ್ಲ. ಆಫೀಸಿನಲ್ಲಿ ಕಿರಿಯ ಸಹಾಯಕಿ ತನಗಿಂತ ಮೊದಲು ರುಚಿ ನೋಡುವಂತೆ ಏರ್ಪಾಟು ಮಾಡಿಕೊಂಡ. “ನೀನೂ ಕಲೀಬೇಕಲ್ಲಮ್ಮ,” ಎಂದ. ಪಾಪ, ಅವಳು ಉಪಕಾರ ಎಂದುಕೊಂಡಳು. ಅವಳ ಮೂಗು ಎಷ್ಟು ಸೊಟ್ಟಗಾಯಿತು ಎಂದು ನೋಡಿ ಅವನು ಅಂಕ ಹೇಳುತ್ತಿದ್ದ.

ಅವನು ಒಪ್ಪಿದ ಚಹಾದ ಒಂದು ಚೀಲವೂ ವಾಪಸು ಬಂದಿರಲಿಲ್ಲ. ಅವನನ್ನು ಹೆದರಿಸಿದ್ದು ಅದೇ. ನಾಲಿಗೆ ಇಲ್ಲದೆಯೂ ಕೆಲಸ ನಡೆಯುವುದಾದರೆ, ಇಷ್ಟು ವರ್ಷ ಅದು ಇದ್ದದ್ದಾದರೂ ಯಾಕೆ?

ಅತ್ತೆಯನ್ನೂ ಕರೆದುಕೊಂಡು ಕಾರಿನಲ್ಲಿ ಹೊರಟ ಈ ಪ್ರವಾಸ ಹೆಂಡತಿಯ ಆಸೆ. ಬಿಸಿಲು ಇನ್ನೂ ಎಳೆಯದು, ಕಡಲ ದಂಡೆ ಹಿಡಿದು ಮೂರು ದಿನ ಆರಾಮಾಗಿ ಹೋಗೋಣ, ಸಿಕ್ಕಿದ್ದೆಲ್ಲ ತಿನ್ನೋಣ ಎಂದಿದ್ದಳು. ತಿನ್ನುವುದಕ್ಕೇ ಅವನನ್ನು ಹೊರಡಿಸಿದ್ದಳು. ಬಂಡೆಯ ತುದಿಯಲ್ಲಿ ಕಾರು ನಿಲ್ಲಿಸಿದಾಗ ಕೆಳಗೆ ನೀರು ಹಸಿರಾಗಿ, ಆಚೆ ನೀಲಿಯಾಗಿ ಹರಡಿಕೊಂಡಿತ್ತು.

“ಎಷ್ಟು ಚೆನ್ನಾಗಿದೆ ಅಲ್ವಾ?”

ಅವನು ನೀರನ್ನು ಬಿಟ್ಟು ಅವಳ ಮುಖ ನೋಡಿದ. “ಚೆನ್ನಾಗಿದೆ.”

ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಅಲೆಗೆ ಇಳಿದು, ಖಾಲಿಯಾದ ಬಾಟಲಿಯೊಂದಕ್ಕೆ ಸಮುದ್ರದ ನೀರು ತುಂಬಿಕೊಂಡು ಬಂದರು. “ಬಿಸಿ ಮಾಡಿ ಕಾಲಿಟ್ಕೊಂಡ್ರೆ ಬಾವು ಇಳಿಯತ್ತೆ.” ಬಾಟಲಿ ಹಿಂದಿನ ಸೀಟಿನಲ್ಲಿ ಕುಡಿಯುವ ನೀರಿನ ಪಕ್ಕ ಕೂತಿತು.

“ಅಮ್ಮಾ, ಎಲ್ಲಾ ಒಂದೇ ಥರ ಇದೆ. ಯಾರಾದ್ರೂ ಕುಡಿದ್ಬಿಟ್ಟಾರು,” ಎಂದು ಹೆಂಡತಿ ತನ್ನ ಜಡೆಯ ಕೆಂಪು ರಬ್ಬರ್‌ಬ್ಯಾಂಡ್ ಬಿಚ್ಚಿ ಅದರ ಕುತ್ತಿಗೆಗೆ ಸುತ್ತಿದಳು.

“ಒಂದು ತೊಟ್ಟು ಬಾಯಿಗೆ ಬಿದ್ರೆ ಗೊತ್ತಾಗಲ್ವೇನೇ, ಪೆದ್ದಿ!”

ಮಧ್ಯಾಹ್ನ ದೋಣಿಕಟ್ಟೆಯ ಹತ್ತಿರ ತಗಡಿನ ಚಾವಣಿಯ ಹೋಟೆಲು. ಹೋಟೆಲಿನಾಕೆ ಮೂರು ಬಟ್ಟಲಿನಲ್ಲಿ ಕಡಲ ಚಿಪ್ಪಿನ ಸಾರು ತಂದಿಟ್ಟಳು. ಹೆಂಡತಿ ಬಟ್ಟಲನ್ನು ಮೂಗಿನ ಹತ್ತಿರ ತಂದು ಇಳಿಸಿದಳು.

“ಏನೋ ಒಂಥರಾ ವಾಸನೆ.”

“ಅಯ್ಯೋ, ಬೆಳಿಗ್ಗೆ ದೋಣಿಯಿಂದ ಇಳಿಸಿದ್ದು ತಾಯೀ,” ಹೋಟೆಲಿನಾಕೆಯ ಮುಖ ಸಪ್ಪಗಾಯಿತು. “ಬೇಡಾಂದ್ರೆ ಬಿಡಿ. ವಾಸನೆ ಅಂತ ಮಾತ್ರ ಅನ್ಬೇಡಿ.”

“ಇವಳದ್ದು ಯಾವಾಗ್ಲೂ ಇದೇ ರಗಳೆ,” ಅತ್ತೆ ಹೋಟೆಲಿನಾಕೆಯ ಕಡೆ ತಿರುಗಿದರು. “ನಮ್ಮ ಅಳಿಯಂದಿರು ಯಾರು ಗೊತ್ತೇನಮ್ಮಾ? ಇವರು ಹೂಂ ಅಂದ್ರೇನೇ ದೇಶಕ್ಕೆಲ್ಲ ಚಹಾ. ಇವರಿರುವಾಗ ನಮ್ಮ ಮೂಗು ಯಾಕೆ? ನೀವು ಹೇಳಿ, ಅಳಿಯಂದ್ರೇ.”

ಅವನು ಮೂವರ ಮುಖವನ್ನೂ ನೋಡಿದ. ಮೂವರೂ ಅವನನ್ನೇ ನೋಡುತ್ತಿದ್ದರು. ಓದಿಕೊಳ್ಳಲು ಒಂದು ಹುಬ್ಬೂ ಇರಲಿಲ್ಲ.

ಗೊತ್ತಾಗುತ್ತಿಲ್ಲ ಎಂದು ಹೇಳಿಬಿಡಬಹುದಿತ್ತು. ಬಾಯಿ ತೆರೆದದ್ದೂ ಹೌದು. ಆದರೆ ಕೈ ಹದಿನಾರು ವರ್ಷದ ಅಭ್ಯಾಸದಿಂದ ಚಮಚ ಎತ್ತಿತು. ಸೊರ್ ಎಂದು ಎಳೆದ, ಬಾಯಿತುಂಬ ಆಡಿಸಿದ. ಬಿಸಿ ಇತ್ತು. ಬಿಸಿಯಲ್ಲದೆ ಇನ್ನೇನೂ ಇರಲಿಲ್ಲ.

“ಚೆನ್ನಾಗಿದೆ.”

ಹೋಟೆಲಿನಾಕೆಗೆ ಹೋದ ಜೀವ ಬಂದ ಹಾಗಾಯಿತು. ಅತ್ತೆ ತಮ್ಮ ಬಟ್ಟಲು ಮುಗಿಸಿ ಮಗಳದ್ದನ್ನೂ ಎಳೆದುಕೊಂಡರು. ಅವಳು ಒಂದು ಚಮಚ ತಿಂದು ಬಿಟ್ಟಿದ್ದಳು. “ನನ್ನ ಮೂಗೇ ಸರಿಯಿಲ್ವೇನೋಪ್ಪ,” ಎಂದಳು. ಅವನು ತಲೆ ಎತ್ತದೆ ತಳ ಕಾಣುವವರೆಗೂ ತಿಂದ.

ನಾಲ್ಕು ಗಂಟೆಗೆ ಕಾರಿನಲ್ಲಿ ಅತ್ತೆ, “ಯಾಕೋ ಹೊಟ್ಟೆ ತೊಳಸ್ತಾ ಇದೆ ಕಣೇ,” ಎಂದರು. ನಾಲ್ಕೂವರೆಗೆ ಬೆವರು ಕಿತ್ತುಕೊಂಡು ಬಂತು. ಐದಕ್ಕೆ ಎದೆ ಹಿಡಿದುಕೊಂಡರು. ದಾರಿಯಲ್ಲಿ ಸಿಕ್ಕಿದ್ದು ಎರಡು ಹಾಸಿಗೆಯ ಪುಟ್ಟ ಆಸ್ಪತ್ರೆ, ಒಬ್ಬಳೇ ಡಾಕ್ಟರು.

“ಮಧ್ಯಾಹ್ನ ಏನು ತಿಂದ್ರು?”

“ಚಿಪ್ಪಿನ ಸಾರು,” ಎಂದಳು ಹೆಂಡತಿ. “ನನಗೆ ವಾಸನೆ ಬಂದ ಹಾಗಿತ್ತು. ಆದ್ರೆ ಇವರು ರುಚಿ ನೋಡಿದ್ರು. ಇವರ ಕೆಲಸಾನೇ ಅದು.”

ಡಾಕ್ಟರು ಅವನ ಕಡೆ ತಿರುಗಿದಳು. “ಕೆಟ್ಟಿತ್ತಾ? ಸರಿಯಾಗಿ ಯೋಚಿಸಿ ಹೇಳಿ. ಎದೆ ಬಡಿತ ನೋಡಿದ್ರೆ ಊಟದ್ದೂ ಇರಬಹುದು, ಹೃದಯದ್ದೂ ಇರಬಹುದು. ಊಟದ್ದಾದ್ರೆ ಇಲ್ಲೇ ಗ್ಲೂಕೋಸ್ ಏರಿಸ್ತೀನಿ. ಹೃದಯದ್ದಾದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು, ಎರಡು ಗಂಟೆ ದಾರಿ. ಈ ಸ್ಥಿತೀಲಿ ಸುಮ್ಮನೆ ಕಳಿಸಿದ್ರೆ ದಾರೀಲೇ ಜೀವಕ್ಕೆ ಅಪಾಯ. ನೀವೂ ತಿಂದ್ರಲ್ಲ, ನಿಮ್ಮ ಹೊಟ್ಟೆ ಹೇಗಿದೆ?”

ಅರ್ಧ ಗಂಟೆಯಿಂದ ಅವನ ಹೊಟ್ಟೆಯನ್ನು ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದರು. ಹೇಳಿಬಿಡಬೇಕು ಎಂದುಕೊಂಡ. ಹೇಳಿದರೆ ಸಾರಿನ ಸುದ್ದಿ ಮಾತ್ರ ಹೊರಗೆ ಬರುವುದಿಲ್ಲ, ಹಿಂದೆಯೇ ಜ್ವರದ ಸುದ್ದಿ ಬರುತ್ತದೆ, ಸಹಾಯಕಿ ಬರುತ್ತಾಳೆ, ಮೂರು ತಿಂಗಳ ನಲವತ್ತು ನಲವತ್ತು ಬಟ್ಟಲು ಸಾಲಾಗಿ ಬರುತ್ತವೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಊಟ ಚೆನ್ನಾಗಿತ್ತು,” ಎಂದ. “ನನಗೇನೂ ಆಗಿಲ್ಲ.”

ಹಾಸಿಗೆಯಿಂದ ಅತ್ತೆ ಸಣ್ಣ ದನಿಯಲ್ಲಿ, “ಅವರ ನಾಲಿಗೆ ತಪ್ಪಲ್ಲ ಡಾಕ್ಟ್ರೇ,” ಎಂದರು.

ಡಾಕ್ಟರು ಆಂಬುಲೆನ್ಸಿಗೆ ಫೋನು ಮಾಡಲು ಹೋದಳು.

ಅವನು ಹೊರಗೆ ಬಂದ. ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ. ಕಾಲಿನಿಂದ ಮರಳು ದೂಡಿ ಮುಚ್ಚಿದ. ಕಣ್ಣು ಕತ್ತಲಿಟ್ಟುಕೊಂಡು ಬರುತ್ತಿತ್ತು. ಹಿಂದಿನ ಬಾಗಿಲು ತೆರೆದು ಕೈಗೆ ಸಿಕ್ಕ ಬಾಟಲಿಯಿಂದ ಬಾಯಿ ಮುಕ್ಕಳಿಸಿ, ಗಟಗಟ ಕುಡಿದ.

ಅಮ್ಮನ ಶಾಲು ತೆಗೆದುಕೊಂಡು ಹೋಗಲು ಬಂದ ಹೆಂಡತಿ ಕಾರಿನ ಆಚೆ ಬದಿಯಲ್ಲೇ ನಿಂತಳು. ಅವನ ಮುಖ ನೋಡಿದಳು. ಅವನ ಕೈಯ ಬಾಟಲಿ ನೋಡಿದಳು.

“ನೀರು ಹೇಗಿದೆ?”

ಅವನು ಅಭ್ಯಾಸದಂತೆ ಅವಳ ಹುಬ್ಬಿನ ಕಡೆ ಕಣ್ಣೆತ್ತಿದ. ಅಲ್ಲಿ ಏನೂ ಬರೆದಿರಲಿಲ್ಲ.

“ಚೆನ್ನಾಗಿದೆ,” ಎಂದ.

ಅವಳು ಶಾಲು ಮರೆತಳು. ಒಳಗೆ ಓಡಲೂ ಇಲ್ಲ, ಕೂಗಲೂ ಇಲ್ಲ. ದೂರದ ತಿರುವಿನಲ್ಲಿ ಆಂಬುಲೆನ್ಸು ಕೂಗುತ್ತ ಹತ್ತಿರವಾಗುತ್ತಿತ್ತು. ಅವಳ ನೋಟ ಹಿಡಿದು ಅವನು ತನ್ನ ಕೈ ನೋಡಿಕೊಂಡ. ಬೆರಳುಗಳ ನಡುವೆ ಕೆಂಪು ರಬ್ಬರ್‌ಬ್ಯಾಂಡು. ಬಾಟಲಿಯ ತಳದಲ್ಲಿ ಒಂದು ಚಿಟಿಕೆ ಮರಳು ಮೇಲೆದ್ದು, ಸುತ್ತಿ, ಮೆಲ್ಲಗೆ ಇಳಿಯುತ್ತಿತ್ತು. ತುಟಿಯ ಮೇಲೆ ಏನೋ ಒಣಗಿ ಬಿಗಿಯುತ್ತಿದೆ ಅನ್ನಿಸಿತು. ನಾಲಿಗೆ ಹೊರಚಾಚಿ ಒಮ್ಮೆ ಸವರಿದ, ಇನ್ನೊಮ್ಮೆ ಸವರಿದ, ಮತ್ತೆ ಅವಳ ಮುಖ ನೋಡಿದ.