ತಿದ್ದದೆ ಬಿಟ್ಟ ಪೇಪರು

ಕುರ್ಚಿಯಲ್ಲಿ ಕೂರಿಸಿದ್ದ ಕುಬೇರಪ್ಪ ಮೇಷ್ಟ್ರ ದೇಹ ಅಲ್ಲಾಡದಂತೆ ಫೈಸಲ್ ಟ್ರ್ಯಾಕ್ಟರಿನ ಟ್ರೇಲರಿಗೆ ಹಗ್ಗ ಬಿಗಿಯುತ್ತಿದ್ದ. ಮೇಷ್ಟ್ರ ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಹರಿಹರದ ಒಂದೇ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ನಿನ್ನೆ ಬೆಳಿಗ್ಗೆ ಚಹಾ ಕುಡಿಯುತ್ತಲೇ ಹೋಗಿಬಿಟ್ಟಿದ್ದರು.

“ಇನ್ನೊಂದ್ ಗಂಟ್ ಹಾಕೋ, ಹೊಳೆ ಕಡೆ ರಸ್ತೆ ಸರಿಯಿಲ್ಲ,” ಎಂದ ಗಿಡ್ಡಪ್ಪ. ಅವನು ಗಾರೆ ಕೆಲಸದವನು, ಫೈಸಲನ ಕ್ಲಾಸ್‌ಮೇಟು. ಇಬ್ಬರೂ ಸಿ ಸೆಕ್ಷನ್.

ನೋಡಿದರೆ ಅಲ್ಲಿ ಕೈಹಾಕಿದವರೆಲ್ಲ ಸಿ ಸೆಕ್ಷನ್ನಿನವರೇ. ಉರ್ದು ಶಾಲೆಯಿಂದ ಬಂದವರು, ಕೇರಿ ಶಾಲೆಯಿಂದ ಬಂದವರು. ಶಾಮಿಯಾನ ಹಾಕಿದ್ದು, ನೀರು ತಂದದ್ದು, ಕುರ್ಚಿ ಎತ್ತಿದ್ದು ಇವರೇ. ಎ ಸೆಕ್ಷನ್ನಿನ ಜಾಣರು ವಾಟ್ಸಾಪಿನಲ್ಲಿ ಕೈಮುಗಿದು ಸುಮ್ಮನಾಗಿದ್ದರು.

“ಈ ಪುಣ್ಯಾತ್ಮ ಇಲ್ದಿದ್ರೆ ನಾವು ಎಸ್ಸೆಸ್ಸೆಲ್ಸಿ ಪಾಸಾಗ್ತಿದ್ವೇನೋ?” ಗಿಡ್ಡಪ್ಪ ಕಣ್ಣೊರೆಸಿಕೊಂಡ.

“ನನ್ ತಲೆಗೆ ಲೆಕ್ಕದಲ್ಲಿ ಮೂವತ್ತೈದು ಬಂದಿದ್ದೇ ಹೆಚ್ಚು ಬಿಡು,” ಎಂದ ಫೈಸಲ್.

ಅವನ ಅರ್ಧ ಜೀವ ಶಾಲೆಯಲ್ಲಿತ್ತು. ಮಗಳು ಸಬಾ ಉರ್ದು ಶಾಲೆ ಮುಗಿಸಿ ಅದೇ ಹೈಸ್ಕೂಲಿಗೆ ಎಂಟನೆಯ ತರಗತಿಗೆ ಸೇರಿದ್ದಳು. ಸೆಕ್ಷನ್ ಹಂಚುವ ಲೆಕ್ಕದ ಪರೀಕ್ಷೆ ಮುಗಿದಿತ್ತು. ಇವತ್ತು ಸಂಜೆ ಸೆಕ್ಷನ್ ಪಟ್ಟಿ ಅಂಟಿಸುತ್ತಾರೆ. “ಸಿ ಗೆ ಹಾಕಿದ್ರೆ ಲೆಕ್ಕ ಪೂರ್ತಿ ಹೇಳ್ಕೊಡಲ್ವಂತೆ, ಹೌದಾ ಅಬ್ಬಾ?” ಎಂದು ಕೇಳಿದ್ದಳು. ಶಾಲೆಯವರಿಗೆ ಮೇಷ್ಟ್ರಿಂದ ಒಂದು ಮಾತು ಹೇಳಿಸೋಣವೆಂದು ಹೋದ ವಾರ ಇದೇ ಮನೆಗೆ ಬಂದಿದ್ದ. ಸೋಮವಾರ ಬಾ ಅಂದಿದ್ದರು. ಸೋಮವಾರ ಬಂದಿತ್ತು, ಮೇಷ್ಟ್ರಿರಲಿಲ್ಲ.

*

ತಾನು ಎಂಟನೆಯ ತರಗತಿಗೆ ಸೇರಿದ ವರ್ಷ, ಅದೇ ಸೆಕ್ಷನ್ ಪರೀಕ್ಷೆಯಲ್ಲಿ ಹದಿಮೂರರ ಫೈಸಲ್ ಎಲ್ಲರಿಗಿಂತ ಮೊದಲೇ ಲೆಕ್ಕ ಮುಗಿಸಿ ಪೇಪರು ಕೊಟ್ಟಿದ್ದ. ಮೇಷ್ಟ್ರು “ಶಹಬ್ಬಾಸ್” ಎಂದು ಬೆನ್ನು ತಟ್ಟಿದ್ದರು. ಮರುದಿನ ನೋಡಿದರೆ ಅವನ ಹೆಸರು ಸಿ ಸೆಕ್ಷನ್ನಿನಲ್ಲಿ! ಲೆಕ್ಕವೆಲ್ಲ ತಪ್ಪಾಗಿರಬೇಕು ಅಂದುಕೊಂಡು ತೆಪ್ಪಗಾದ.

ಹತ್ತನೆಯ ತರಗತಿಯಲ್ಲಿ ಮೇಷ್ಟ್ರು ಸಿ ಸೆಕ್ಷನ್ನಿನವರ ಕೈಯಿಂದಲೇ ಕಷ್ಟದ ಪಾಠಗಳ ಮೇಲೆ ಗೀಟು ಎಳೆಸಿದರು. “ಇದು ಬ್ಯಾಡ. ಇದೂ ಬ್ಯಾಡ. ಇಷ್ಟ್ ಬಾಯಿಪಾಠ ಮಾಡ್ರಿ, ಮೂವತ್ತೈದು ಎಲ್ಲೂ ಹೋಗಲ್ಲ.” ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದರು! ಫೈಸಲನಿಗೆ ಸರಿಯಾಗಿ ಮೂವತ್ತೈದೇ ಬಂತು. ಮುಂದೆ ಸೈನ್ಸ್ ಕೇಳುವ ಧೈರ್ಯವಾಗದೆ ಮೋಟಾರ್ ವೈಂಡಿಂಗ್ ಅಂಗಡಿ ಸೇರಿದ.

*

ರುದ್ರಭೂಮಿಯಲ್ಲಿ ಮೇಷ್ಟ್ರನ್ನು ಗುಂಡಿಗಿಳಿಸುವ ಹೊತ್ತಿಗೆ ಆ ಹೈಸ್ಕೂಲಿನ ಹೆಡ್‌ಮೇಡಂ ಚೈತ್ರಾ ಬಂದರು. ದಾವಣಗೆರೆಯವರು, ಮೇಷ್ಟ್ರ ಕೈಕೆಳಗೇ ಕೆಲಸ ಕಲಿತವರು. ಅಳುತ್ತಿದ್ದರು.

“ಎಂಥಾ ಶಿಸ್ತು ಸರ್‌ದು! ಸೆಕ್ಷನ್ ವಿಷ್ಯಕ್ಕೆ ಒಂದಿನಾನೂ ಗಲಾಟೆ ಆಗ್ಲಿಲ್ಲ. ಪರೀಕ್ಷೆಗೆ ಮೊದ್ಲೇ ಪಟ್ಟಿ ರೆಡಿ ಇರ್ತಿತ್ತು.”

“ಪರೀಕ್ಷೆ ಆದ್ಮ್ಯಾಲೆ ಅಲ್ವೇನ್ರಿ ಮೇಡಂ?” ಎಂದ ಫೈಸಲ್.

“ಹಳೇ ಶಾಲೆಯ ಟಿ.ಸಿ. ನೋಡಿ ಬರೀತಿದ್ರು. ಉರ್ದು ಶಾಲೆ, ಕೇರಿ ಶಾಲೆ ಅಂತಿದ್ರೆ ಸಿ. ಪಾಪ, ಆ ಮಕ್ಕಳಿಗೆ ಮನೇಲಿ ಹೇಳ್ಕೊಡೋರು ಇರಲ್ಲ, ಭಾರ ಆಗ್ಬಾರ್ದು ಅಂತ. ಅಷ್ಟು ಕರುಣೆ. ನಾವೂ ಅದನ್ನೇ ನಡೆಸ್ಕೊಂಡ್ ಬಂದೀವಿ.”

“ಮತ್ತೆ ಪೇಪರು?”

“ಸುಮ್ನೆ ಬರೆಸೋದು. ಯಾರ್ ತಿದ್ತಾರ್ರಿ ಅವನ್ನ?”

ಮೂವತ್ತು ವರ್ಷ ಫೈಸಲ್ ತಾನು ದಡ್ಡನೆಂದು ನಂಬಿ ಬದುಕಿದ್ದ. ಹೆಂಡತಿಗೆ ಹಾಗೆ ಹೇಳಿದ್ದ, ಮಗಳಿಗೂ ಹೇಳಿದ್ದ. ಆ ಪೇಪರನ್ನು ಯಾರೂ ನೋಡಿಯೇ ಇರಲಿಲ್ಲ!

“ಮಣ್ಣು ಹಾಕೋರು ಬರ್ರಿ,” ಎಂದು ಯಾರೋ ಕೂಗಿದರು.

ಫೈಸಲ್ ಹಸಿ ಮಣ್ಣು ಹಿಡಿದು ಗುಂಡಿಯ ಅಂಚಿಗೆ ಬಂದ. “ಸರ್, ಒಂದ್ಸಲ ನೋಡ್ಬೇಕಿತ್ತು,” ಎಂದ ಜೋರಾಗಿ. ಜನ ತಿರುಗಿ ನೋಡಿದರು. ಮಣ್ಣು ಹಾಕಿದ. ಕೈತೊಳೆಯಲೂ ನಿಲ್ಲದೆ ಚೈತ್ರಾ ಅವರ ಮುಂದೆ ಹೋಗಿ ನಿಂತ.

“ನಡೀರಿ ಮೇಡಂ, ಶಾಲೆಗೆ. ನನ್ ಮಗಳ ಪೇಪರ್ ನನ್ ಎದುರಿಗೇ ತಿದ್ರಿ.”

*

ಆಫೀಸಿನ ಮೇಜಿನ ಮೇಲೆ ಪಟ್ಟಿ ಸಿದ್ಧವಾಗಿತ್ತು. ಸಬಾ: ಸಿ. ಬೀರುವಿನ ಮೇಲೆ ಪೇಪರುಗಳ ಕಟ್ಟು, ದಾರದ ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು. ಫೈಸಲ್ ಅದನ್ನು ಬಿಚ್ಚಿ ಮಗಳದನ್ನು ಹುಡುಕಿ ಮುಂದಿಟ್ಟ.

ಚೈತ್ರಾ ಕೆಂಪು ಪೆನ್ನು ಹಿಡಿದರು. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯದು ತಪ್ಪು. ಆಮೇಲೆ ಸರಿ, ಸರಿ, ಸರಿ. ಮುಗಿಸಿ ಮತ್ತೆ ಮೊದಲಿನಿಂದ ನೋಡಿದರು.

“ಸಬಾನ ಎ ಗೆ ಹಾಕ್ತೀನಿ,” ಎಂದರು, ತಲೆಯೆತ್ತದೆ. “ನೀವಿನ್ನು ಹೊರಡ್ರಿ.”

ಫೈಸಲ್ ಏಳಲಿಲ್ಲ. ಕಟ್ಟಿನಿಂದ ಇನ್ನೊಂದು ಪೇಪರು ಎಳೆದ. ಕೇರಿ ಶಾಲೆಯ ಮರಿಯವ್ವ ಎಂಬ ಹುಡುಗಿಯದು. ಅದನ್ನು ಮೇಡಂ ಕೈಕೆಳಗೆ ಸರಿಸುವಾಗ, ಅಂಕ ಬರೆಯಲು ಬಿಟ್ಟಿದ್ದ ಖಾಲಿ ಚೌಕದಲ್ಲಿ ಅವನ ಹೆಬ್ಬೆಟ್ಟಿನ ಮಣ್ಣು ಒತ್ತಿಕೊಂಡಿತು.